ಪಟ್ಟಿಯಲ್ಲಿದ್ದ ಸಾವುಗಳೆಲ್ಲ ನಿಜ

2025ರ ಜುಲೈ ತಿಂಗಳ ಮೊದಲ ಸೋಮವಾರ. ಹಾಸನದಲ್ಲಿ ಬೆಳಗ್ಗೆ ಏಳಕ್ಕೇ ಸೋನೆ ಹಿಡಿದಿತ್ತು. ಹೃದಯ ಬಡಿತದ ಗೆರೆ ತೆಗೆಯುವ ಇಸಿಜಿ ಕೋಣೆಯ ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ಛತ್ರಿಗಳ ಸಾಲು. ಮಾಮೂಲಿ ದಿನ ಸಂಜೆಯವರೆಗೆ ಇಪ್ಪತ್ತು ಮಂದಿ ಬಂದರೆ ಹೆಚ್ಚು. ಅಂದು ಹತ್ತು ಗಂಟೆಗೇ ಅರವತ್ತು ಟೋಕನ್ ಖಾಲಿ. ಅರ್ಧಕ್ಕರ್ಧ ಮೂವತ್ತರ ಆಸುಪಾಸಿನ ಹುಡುಗರು. "ಏನಾಗ್ತಿದೆ?" ಅಂದರೆ "ಏನೂ ಇಲ್ಲ ಸಾರ್, ಮನೇಲಿ ಒಂದ್ಸಲ ತೋರಿಸ್ಕೊಂಡು ಬಾ ಅಂದ್ರು" ಎನ್ನುತ್ತಿದ್ದರು. ಎಲ್ಲರ ಮೊಬೈಲಿನಲ್ಲೂ ಅದೇ ಪಟ್ಟಿ: 40 ದಿನ, ಹೃದಯಾಘಾತದಿಂದ 20ಕ್ಕೂ ಹೆಚ್ಚು ಸಾವು, ಹೆಸರು, ವಯಸ್ಸು, ಊರು, ಕೊನೆಗೆ "ಎಲ್ಲಾ ಕೋವಿಡ್ ಲಸಿಕೆಯ ಫಲ, ಎಲ್ಲರಿಗೂ ಕಳಿಸಿ".

ಆ ಪಟ್ಟಿಯನ್ನು ಸುಳ್ಳು ಎಂದು ತಳ್ಳಿಹಾಕುವಂತಿರಲಿಲ್ಲ. ಸತ್ತವರು ನಿಜವಾಗಿ ಸತ್ತಿದ್ದರು, ಅವರ ಶ್ರದ್ಧಾಂಜಲಿ ಫ್ಲೆಕ್ಸ್‌ಗಳು ಸರ್ಕಲ್‌ಗಳಲ್ಲಿ ನೇತಾಡುತ್ತಿದ್ದವು. ಅದರಲ್ಲಿ ಇಲ್ಲದಿದ್ದದ್ದು ಒಂದೇ: ಬೇರೆ ವರ್ಷ ಇದೇ 40 ದಿನದಲ್ಲಿ ಎಷ್ಟು ಜನ ಸಾಯುತ್ತಾರೆ ಎಂಬ ಲೆಕ್ಕ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಸಾವಿರಕ್ಕೆ ವರ್ಷಕ್ಕೆ ಆರು ಸಾವು ಎಂದು ಹಿಡಿದರೂ ವರ್ಷಕ್ಕೆ ಹತ್ತು ಸಾವಿರದ ಮೇಲೆ, ದಿನಕ್ಕೆ 29, ನಲವತ್ತು ದಿನಕ್ಕೆ ಸಾವಿರದ ನೂರಕ್ಕೂ ಹೆಚ್ಚು. ದೇಶದಲ್ಲಿ ಸುಮಾರು ಕಾಲು ಭಾಗ ಸಾವು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆಗುತ್ತದೆ. ಅಂದರೆ ಇಲ್ಲಿ 290ರ ಹತ್ತಿರ. ಅವರಲ್ಲಿ ಹತ್ತಕ್ಕೆ ಒಬ್ಬರು ಸಣ್ಣ ವಯಸ್ಸಿನವರು ಎಂದಿಟ್ಟುಕೊಳ್ಳಿ, ಪಟ್ಟಿಯ ಸಂಖ್ಯೆ ಅಲ್ಲೇ ಬಂದು ನಿಂತಿತು. ಇದು ಸಮಾಧಾನದ ಮಾತಲ್ಲ. ಹುಡುಗರ ಹೃದಯ ನಿಲ್ಲುತ್ತಿರುವುದು ಹೊಸದಲ್ಲ, ಎಣಿಸಲು ಶುರು ಮಾಡಿದ್ದು ಹೊಸದು, ಅಷ್ಟೆ.

ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಅವರು ನೋಡಿದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ. ಅದರಲ್ಲಿ ರಸ್ತೆ ಅಪಘಾತವೂ ಇತ್ತು. ಲಸಿಕೆಗೂ ಈ ಸಾವುಗಳಿಗೂ ನಂಟು ಸಿಗಲಿಲ್ಲ. ಆದರೆ ವರದಿ ಬರುವಷ್ಟರಲ್ಲಿ ಪಟ್ಟಿ ಊರೂರು ಸುತ್ತಿ ಬಂದಿತ್ತು, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಕ್ಯೂ.

ಲಸಿಕೆಯ ಮಾತು ಅಷ್ಟು ಬೇಗ ಅಂಟಿಕೊಂಡದ್ದಕ್ಕೆ ಅದರೊಳಗಿದ್ದ ಅರ್ಧ ನಿಜವೇ ಕಾರಣ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯುವ ತೊಂದರೆ ಇದ್ದದ್ದು ಹೌದು. ಅದನ್ನು ರೂಪಿಸಿದ ಆಸ್ಟ್ರಾಜೆನೆಕಾ ಕಂಪನಿಯೂ 2024ರಲ್ಲಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಅದನ್ನು ಒಪ್ಪಿಕೊಂಡಿತು. ಆದರೆ ಅದು ಸಾಮಾನ್ಯವಾಗಿ ಚುಚ್ಚಿಸಿಕೊಂಡ 4ರಿಂದ 42 ದಿನದೊಳಗೆ ಕಾಣಿಸಿಕೊಳ್ಳುವಂಥದ್ದು. 2021ರ ಸೂಜಿಗೆ 2025ರ ಎದೆನೋವನ್ನು ಕಟ್ಟಲು ಬರುವುದಿಲ್ಲ.

ಪಟ್ಟಿಯ ಹಿಂದೆಯೇ ವಿಡಿಯೋಗಳು. ಜಿಮ್ಮಿನಲ್ಲಿ ಕುಸಿದವನು, ಮದುವೆಯಲ್ಲಿ ಕುಣಿಯುತ್ತಾ ಬಿದ್ದವನು, ಎಲ್ಲದಕ್ಕೂ "ಹಾಸನ, ಇಂದು ಬೆಳಗ್ಗೆ" ಎಂಬ ತಲೆಬರಹ. ಇವನ್ನು ಸೋಸುವುದು ಕಷ್ಟವಲ್ಲ. ವಿಡಿಯೋ ನಿಲ್ಲಿಸಿ, ಮುಖಕ್ಕಿಂತ ಹಿನ್ನೆಲೆ ಸ್ಪಷ್ಟವಿರುವ ಕಡೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಬೇಕು. ಒಂದು ಸಿಗದಿದ್ದರೆ ಇನ್ನೆರಡು ಕಡೆ ನಿಲ್ಲಿಸಿ ಹಾಕಬೇಕು. ಸಿಸಿಟಿವಿಯ ತಾರೀಖು ಮೂಲೆಯಲ್ಲಿರುತ್ತದೆ, ಅದನ್ನೇ ಕತ್ತರಿಸಿದ್ದರೆ ಅನುಮಾನಪಡಿ. ಬೋರ್ಡಿನ ಲಿಪಿ ನೋಡಿ, ಗಾಡಿ ನಂಬರ್ ನೋಡಿ: ಹಾಸನ ಕೆಎ 13, ಸಕಲೇಶಪುರ ಕೆಎ 46, ಚಿಕ್ಕಮಗಳೂರು ಕೆಎ 18. ಜುಲೈ ತಿಂಗಳ ಹಾಸನದಲ್ಲಿ ಒಬ್ಬರ ಮೈಮೇಲೂ ಸ್ವೆಟರ್ ಇಲ್ಲ, ಮೂರು ಫ್ಯಾನು ಜೋರಾಗಿ ತಿರುಗುತ್ತಿವೆ ಅಂದರೆ ಅದು ಯಾವ ಹಾಸನ ಸ್ವಾಮಿ?

ವಾಟ್ಸಾಪಿನ ಗುರುತನ್ನೇ ನಂಬಿ ಕೂರುವಂತಿಲ್ಲ. ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದಕ್ಕೆ ಜೋಡಿ ಬಾಣ ಬೀಳುತ್ತದೆ, 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಮುಂದೆ ಕಳಿಸಬಹುದು. ಆದರೆ ಬರಹವನ್ನು ಕಾಪಿ ಮಾಡಿ ಅಂಟಿಸಿದರೆ, ವಿಡಿಯೋವನ್ನು ಸ್ಟೇಟಸ್‌ಗೆ ಹಾಕಿ ಅಲ್ಲಿಂದ ಇನ್ನೊಬ್ಬರು ಇಳಿಸಿಕೊಂಡರೆ ಬಾಣ ಮಾಯ.

ಇವೆಲ್ಲದರಲ್ಲೂ ಕೆಟ್ಟದ್ದು ಕೆಮ್ಮಿನ ಸಂದೇಶ. "ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ." ಇದರ ಮೂಲ ಆಂಜಿಯೋಗ್ರಾಂ ಕೋಣೆ. ಮಾನಿಟರ್ ಹಾಕಿರುವ ರೋಗಿಯ ಬಡಿತ ದಿಢೀರ್ ತಪ್ಪಿದಾಗ, ಕೆಲವೇ ಸೆಕೆಂಡು ಎಚ್ಚರ ಉಳಿಯಲೆಂದು ಪಕ್ಕದಲ್ಲಿ ನಿಂತ ಡಾಕ್ಟರ್ ಕೆಮ್ಮಿಸುವುದುಂಟು. ಮನೆಯಲ್ಲಿ ಕೂತು ಕೆಮ್ಮುವವನು 108ಕ್ಕೆ ಫೋನ್ ಮಾಡುವ ಹೊತ್ತನ್ನು ಕಳೆಯುತ್ತಾನೆ.

ಇನ್ನು ಕ್ಯೂ. ಎದೆನೋವು ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಅಂದು ಒಬ್ಬೊಬ್ಬರ ಜರ್ಕಿನ್, ಸ್ವೆಟರ್, ಬನಿಯನ್ ಬಿಚ್ಚಿಸುವುದಕ್ಕೇ ಐದು ನಿಮಿಷ. ನಿಜವಾದ ನೋವಿನವರು ನಡುವೆ ಸಿಕ್ಕಿಹಾಕಿಕೊಳ್ಳದಿರಲೆಂದು ಬಾಗಿಲಲ್ಲಿ ಒಬ್ಬರು ನಿಂತು "ಈಗ ನೋಯ್ತಿರೋರು ಮುಂದೆ ಬನ್ನಿ" ಎಂದು ಕೂಗುತ್ತಲೇ ಇದ್ದರು. ಅಷ್ಟೂ ಮಾಡಿ ಇಸಿಜಿ ಸರಿಯಿದೆ ಅಂದರೆ ಆ ಗಳಿಗೆಯಲ್ಲಿ ಸರಿಯಿದೆ ಅಂತಷ್ಟೇ. ರಕ್ತನಾಳದಲ್ಲಿ ಬ್ಲಾಕ್ ಇಲ್ಲ ಅಂತಲ್ಲ.

ಮಳೆಯಲ್ಲಿ ನೆನೆದು ಬಂದವರ ಮೈ ನಡುಗಿದರೆ ಗೆರೆ ಗರಗಸದ ಹಲ್ಲಿನಂತಾಗುತ್ತದೆ. ಎಡ ಬಲ ಕೈಯ ಕ್ಲಿಪ್ ಅದಲುಬದಲಾದರೆ ಮೊದಲ ಲೀಡ್, ಅಂದರೆ ಚೀಟಿಯ ಮೊದಲ ಗೆರೆ, ತಲೆಕೆಳಗು. ಎರಡರಲ್ಲೂ ಯಂತ್ರ ತಾನಾಗಿಯೇ 'ಅಬ್‌ನಾರ್ಮಲ್' ಎಂದು ಮೇಲೆ ಮುದ್ರಿಸಿಬಿಡಬಹುದು. ಅರಕಲಗೂಡು ಕಡೆಯ ಒಬ್ಬರಿಗೆ ಹಾಗೇ ಆಯಿತು. ಆ ಚೀಟಿಗೆ ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಪಕ್ಕಕ್ಕಿಟ್ಟು, ಕಂಬಳಿ ಹೊದಿಸಿ, ನಡುಕ ನಿಂತ ಮೇಲೆ ಎರಡನೇ ಸಲ ತೆಗೆದಾಗ ಗೆರೆ ಸಾಪಾಗಿ ಬಂತು. ಅವರು ಮಧ್ಯಾಹ್ನದ ಬಸ್ಸಿಗೆ ಹೋದರು.

ಸಂಜೆ ಆರೂವರೆಗೆ ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೋ ಬಂತು, ಜೋಡಿ ಬಾಣದ ಜೊತೆ: "ಹಾಸನದಲ್ಲಿ ಮತ್ತೊಂದು ಬಲಿ, ಇಸಿಜಿ ನೋಡಿ." ಗರಗಸದ ಹಲ್ಲು, ಮೇಲೆ ಪೆನ್ನಿನ ಅಡ್ಡಗೆರೆ. ಮೂಲೆಯಲ್ಲಿ ಯಂತ್ರ ಬರೆದದ್ದನ್ನು ಯಾರೂ ಓದಿರಲಿಲ್ಲ: ಹೃದಯ ಬಡಿತ ನಿಮಿಷಕ್ಕೆ 78.