ಒಂದೇ ರಾತ್ರಿ, ಎರಡು ಟ್ರಾಪ್ ರಿಪೋರ್ಟು

2025ರ ಜುಲೈ ತಿಂಗಳಲ್ಲಿ ನಮ್ಮ ಲ್ಯಾಬಿನ ಕಿಟಕಿಗೆ ಬಂದವರ ಬಾಯಲ್ಲಿ ಒಂದೇ ಪ್ರಶ್ನೆ. "ಹಾರ್ಟಿಂದು ರಕ್ತ ಟೆಸ್ಟ್ ಮಾಡ್ತೀರೇನ್ರಿ?" ಹಾಸನದಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಸಾಯುತ್ತಿದ್ದಾರೆ ಅಂತ ಟಿವಿಯಲ್ಲಿ ದಿನವಿಡೀ ಬರುತ್ತಿತ್ತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತ ಜನರನ್ನು ತೋರಿಸುತ್ತಿದ್ದರು. ಆ ಭಯ ಹುಬ್ಬಳ್ಳಿಗೆ ಬರಲು ತಡವಾಗಲಿಲ್ಲ. ಜಿಮ್‌ಗೆ ಹೋಗುವ ಹುಡುಗರು, ಕೊಪ್ಪಿಕರ್ ರಸ್ತೆಯ ಅಂಗಡಿಯವರು, ಎಲ್ಲರೂ ಬಂದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು.

ನಾನು ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಅವರು ಕೇಳುತ್ತಿದ್ದ ಟೆಸ್ಟಿನ ಹೆಸರು ಟ್ರೊಪೊನಿನ್. ನಾವು ಟ್ರಾಪ್ ಅಂತೀವಿ. ಎದೆನೋವಿಲ್ಲ, ದಮ್ಮಿಲ್ಲ, ಸುಮ್ನೆ ಬಂದು ಟ್ರಾಪ್ ಮಾಡಿಸಿದರೆ ದುಡ್ಡು ಹೋಗುತ್ತದೆ ಅಷ್ಟೇ. ಹೃದಯದ ಸ್ನಾಯುವಿಗೆ ಈಗ ಪೆಟ್ಟು ಬಿದ್ದಿದೆಯಾ ಅಂತ ನೋಡುವ ಟೆಸ್ಟ್ ಅದು. ಮುಂದಿನ ತಿಂಗಳ ಭವಿಷ್ಯ ಕೇಳುವುದಕ್ಕಲ್ಲ. ಕಿಟಕಿಯಲ್ಲಿ ನಿಂತು ಇದನ್ನು ಹೇಳಿ ಹೇಳಿ ನನಗೆ ಸಾಕಾಗಿತ್ತು. ಅದೇ ತಿಂಗಳ ಒಂದು ರಾತ್ರಿ ಪಾಳಿಯಲ್ಲಿ ಬಂದ ಎರಡು ಸ್ಯಾಂಪಲ್ ಇನ್ನೂ ನೆನಪಿದೆ.

ಹೊರಗೆ ಜಿಟಿಜಿಟಿ ಮಳೆ. ಹತ್ತು ಗಂಟೆ ಸುಮಾರಿಗೆ ಎರೆಹೊಲದ ಕಡೆಯ ರೈತರೊಬ್ಬರನ್ನು ಆಂಬ್ಯುಲೆನ್ಸಿನಲ್ಲಿ ತಂದರು. ಐವತ್ತು ದಾಟಿದ ವಯಸ್ಸು. ಸಂಜೆ ಪೇಟೆಯಲ್ಲಿ ಗಿರ್ಮಿಟ್, ಮಿರ್ಚಿ ತಿಂದು ಮನೆಗೆ ಹೋಗಿದ್ದರಂತೆ. ಎಂಟರ ಸುಮಾರಿಗೆ ಎದೆ ಹಿಂಡಿದ ಹಾಗಾಗಿ ಮೈಯೆಲ್ಲ ಬೆವರಿತು. "ಗ್ಯಾಸ್ ಐತಿ" ಅಂತ ಮನೆಯವರು ಸೋಡಾ ಕುಡಿಸಿದರು. ಇಳಿಯಲಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದರು. ಅಲ್ಲಿ ಇಸಿಜಿ ತೆಗೆದು, ಆಸ್ಪಿರಿನ್ ಅಗಿಯಲು ಕೊಟ್ಟು, ಬೇಗನೆ ಹುಬ್ಬಳ್ಳಿಗೆ ಕಳಿಸಿದ್ದರು. ಮಾಡಬೇಕಾದ್ದನ್ನೇ ಮಾಡಿದ್ದರು.

ಜೊತೆಗೆ ಬಂದ ಮಗನಿಗೆ ಮಾತ್ರ ಸಮಾಧಾನ ಇರಲಿಲ್ಲ. "ಆ ಅಪ್ಪು ಇಂಜೆಕ್ಷನ್ ಯಾಕ ಹಾಕಲಿಲ್ರಿ ಅವರು?" ಅಂತ ನಮ್ಮ ಡ್ಯೂಟಿ ಡಾಕ್ಟರನ್ನು ಕೇಳಿದ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾದ ಮೇಲೆ ತಾಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧಿ. ಡಾಕ್ಟರ್ ಇಸಿಜಿ ಕಾಗದ ಬಿಚ್ಚಿ ತೋರಿಸಿದರು. ಎಸ್‌ಟಿ ಅನ್ನುವ ಭಾಗ ಮೇಲೆದ್ದಿದ್ದರೆ ನಾಳ ಪೂರ್ತಿ ಮುಚ್ಚಿದೆ ಅಂತ ತಿಳಿಯುತ್ತಾರೆ. ಆಗ ರಕ್ತ ಪರೀಕ್ಷೆಗೆ ಕಾಯುವುದೇ ಇಲ್ಲ. ಆ ಇಂಜೆಕ್ಷನ್ನೋ ಆಂಜಿಯೋಪ್ಲಾಸ್ಟಿಯೋ, ತಕ್ಷಣ ಆಗಬೇಕು. ಇವರ ಇಸಿಜಿಯಲ್ಲಿ ಅದು ಎದ್ದಿರಲಿಲ್ಲ. ಅಂಥವರಿಗೆ ಆ ಔಷಧಿಯಿಂದ ಉಪಯೋಗವಿಲ್ಲ, ರಕ್ತಸ್ರಾವದ ಅಪಾಯ ಮಾತ್ರ ಉಳಿಯುತ್ತದೆ. ಇಂಥವರಲ್ಲೇ ಟ್ರಾಪ್‌ಗೆ ಕೆಲಸ ಜಾಸ್ತಿ.

ಸ್ಯಾಂಪಲ್ ಬಂತು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಯಂತ್ರಕ್ಕೆ ಹಾಕಿದೆ. ನಮ್ಮಲ್ಲಿರುವುದು ಟ್ರೊಪೊನಿನ್-ಟಿ, ಅದರಲ್ಲೂ ತೀರಾ ಸಣ್ಣ ಪ್ರಮಾಣವನ್ನೂ ಹಿಡಿಯುವ ಹೊಸ ಬಗೆಯದು. ಲೀಟರಿಗೆ 14 ನ್ಯಾನೊಗ್ರಾಂ ಇದರ ಗಡಿ. ಆರೋಗ್ಯವಂತರ ನೂರು ಜನರಲ್ಲಿ ತೊಂಬತ್ತೊಂಬತ್ತು ಜನ ಇದರೊಳಗೆ ಇರುತ್ತಾರೆ ಅನ್ನುವ ಲೆಕ್ಕದ ಮೇಲೆ ಇಟ್ಟ ಗಡಿ. ರೈತರ ರಿಪೋರ್ಟಿನಲ್ಲಿ 11 ಬಂತು.

ಅರ್ಧ ಗಂಟೆಯಲ್ಲಿ ಮಗ ನನ್ನ ಕಿಟಕಿಯಲ್ಲಿದ್ದ. "ಹದಿನಾಲ್ಕರ ಒಳಗ ಐತಿ. ನಾರ್ಮಲ್ ಅಲ್ಲೇನ್ರಿ ಅಣ್ಣಾರ? ಡಾಕ್ಟರ್ ನೋಡಿದ್ರ ಮೂರು ತಾಸು ಬಿಟ್ಟು ಮತ್ತ ರಕ್ತ ತಗೀತೇವಿ ಅಂತಾರ. ಬಿಲ್ ಏರಸಾಕ ಅಲ್ಲೇನ್ರಿ ಇದು?"

ನನಗೆ ಸಿಟ್ಟು ಬರಲಿಲ್ಲ. ಖಾಸಗಿ ಆಸ್ಪತ್ರೆಯ ಬಿಲ್ಲಿನ ಮೇಲೆ ಜನರಿಗಿರುವ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಆದರೆ ಈ ಎರಡನೇ ಟೆಸ್ಟನ್ನು ಬಿಡಬೇಡ ಅಂತ ನನ್ನ ಸ್ವಂತ ತಮ್ಮನಿಗೂ ಹೇಳುತ್ತಿದ್ದೆ. ಬೇಗ ಬಂದವರಿಗೆ ಇರುವ ತೊಂದರೆಯೇ ಇದು. ನೋವು ಶುರುವಾಗಿ ಎರಡೇ ತಾಸಾಗಿತ್ತು. ಪೆಟ್ಟು ಬಿದ್ದಿದ್ದರೂ ಅದರ ಗುರುತು ರಕ್ತಕ್ಕೆ ಇಳಿಯಲು ಹೊತ್ತು ಬೇಕು.

ಅವನಿಗೆ ಹೀಗೆ ಹೇಳಿದೆ. "ನಿಮ್ಮನ್ಯಾಗ ಜ್ವಾಳದ ಚೀಲ ಹರಿದ್ರ ಏನಾಗತೈತಿ? ಮೊದಲು ಬಾಯಿ ಹತ್ತಿರ ಸಡ್ಲ ಇದ್ದ ನಾಕು ಕಾಳು ಬೀಳ್ತಾವು. ಒಳಗ ಒತ್ತಿ ತುಂಬಿದ್ದು ಆಮೇಲೆ ಸೋರಕೋತ ಇರತೈತಿ." ಟ್ರೊಪೊನಿನ್ ಹಾಗೇ. ಅದು ಸ್ನಾಯುವಿನ ಎಳೆಗಳಿಗೆ ಅಂಟಿಕೊಂಡ ಪ್ರೋಟೀನು. ಕ್ಯಾಲ್ಸಿಯಂ ಬಂದಾಗ ಸ್ನಾಯು ಕುಗ್ಗಲಿ ಅಂತ ಅನುಮತಿ ಕೊಡುವುದು ಅದರ ಕೆಲಸ. ಸಿ, ಐ, ಟಿ ಅಂತ ಮೂರು ತುಂಡುಗಳು. ಹೃದಯದ ಐ ಮತ್ತು ಟಿ ಕೈಕಾಲಿನ ಸ್ನಾಯುವಿನದಕ್ಕಿಂತ ಬೇರೆ, ಹಾಗಾಗಿ ಅವನ್ನು ಗುರುತು ಹಿಡಿಯಬಹುದು. ಜೀವಕೋಶ ಸತ್ತರೆ ಸಡಿಲ ಇದ್ದ ಚೂರು ಮೊದಲು ಹೊರಬರುತ್ತದೆ. ಎಳೆಗೆ ಅಂಟಿದ್ದು ಒಂದು ವಾರ, ಕೆಲವೊಮ್ಮೆ ಎರಡು ವಾರ ಸೋರುತ್ತಲೇ ಇರುತ್ತದೆ.

ಹುಡುಗ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಆದರೆ ಡಿಸ್ಚಾರ್ಜ್ ಮಾತು ಬಿಟ್ಟ.

ಅಷ್ಟರಲ್ಲಿ ಇನ್ನೊಂದು ಸ್ಯಾಂಪಲ್ ಬಂತು. ಕುಂದಗೋಳ ಕಡೆಯ ಹೆಣ್ಣುಮಗಳು, ಶುಗರ್‌ನಿಂದ ಕಿಡ್ನಿ ಕೆಟ್ಟು ಡಯಾಲಿಸಿಸ್ ಮೇಲಿದ್ದವರು. ಮಳೆಯ ಕಾರಣಕ್ಕೆ ಒಂದು ಸರತಿ ತಪ್ಪಿತ್ತು, ದಮ್ಮು ಹತ್ತಿತ್ತು. ಟ್ರಾಪ್ 74. ರಿಪೋರ್ಟಿನಲ್ಲಿ ಅಂಕಿಯ ಪಕ್ಕ ‘ಜಾಸ್ತಿ’ ಅನ್ನುವ ಗುರುತು ತಾನಾಗಿಯೇ ಬೀಳುತ್ತದೆ. ಆಕೆಯ ಅಣ್ಣ ಅದನ್ನು ನೋಡಿ ಅಲ್ಲೇ ಬೆಂಚಿನ ಮೇಲೆ ಕುಸಿದರು. "ತಂಗೀಗೆ ಅಟ್ಯಾಕ್ ಆಗೇತೇನ್ರಿ?"

ಅದಕ್ಕೆ ಉತ್ತರ ಹೇಳುವುದು ನನ್ನ ಕೆಲಸವಲ್ಲ. ಡಾಕ್ಟರನ್ನು ಕೇಳ್ರಿ ಅಂದೆ. ಆದರೆ ನನಗೆ ಗೊತ್ತಿತ್ತು, ಕಿಡ್ನಿ ಹೋದವರಲ್ಲಿ ಟ್ರಾಪ್ ಎಷ್ಟೋ ಸಲ ಸದಾ ಮೇಲೆಯೇ ಇರುತ್ತದೆ. ಆಕೆಗೂ ಮತ್ತೆ ನೋಡಬೇಕು ಅಂತ ಬರೆದು ಕಳಿಸಿದ್ದರು.

ಈಗ ಕಾಯುವ ಹೊತ್ತು. ಇಂಥ ಹೊತ್ತಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಟೆಕ್ನಿಷಿಯನ್ ಒಬ್ಬರು ನೆನಪಾಗುತ್ತಾರೆ. ಅವರ ಕಾಲದಲ್ಲಿ ಹೃದಯಾಘಾತಕ್ಕೆ ಎಸ್‌ಜಿಒಟಿ, ಎಲ್‌ಡಿಎಚ್, ಸಿಪಿಕೆ ಅನ್ನುವ ಕಿಣ್ವಗಳ ಟೆಸ್ಟ್ ಮಾಡುತ್ತಿದ್ದರು. ಎಸ್‌ಜಿಒಟಿ ಅಂದರೆ ಈಗ ಎಲ್ಲರಿಗೂ ಲಿವರ್ ನೆನಪಾಗುತ್ತದೆ, ಅಲ್ವಾ? ಆದರೆ 1954ರಲ್ಲಿ ನ್ಯೂಯಾರ್ಕಿನ ಆರ್ಥರ್ ಕಾರ್ಮೆನ್ ಮತ್ತು ಜೊತೆಗಾರರು ಅದು ಹೃದಯಾಘಾತವಾದಾಗ ರಕ್ತದಲ್ಲಿ ಏರುತ್ತದೆ ಅಂತ ತೋರಿಸಿದ್ದೇ ಈ ದಾರಿಯ ಮೊದಲ ಹೆಜ್ಜೆ. ಸಿಪಿಕೆಯ ಕಷ್ಟ ಬೇರೆ. ಹೊಲದಲ್ಲಿ ಮೈಮುರಿದು ದುಡಿದವನಿಗೂ ಏರುತ್ತದೆ, ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿದರೂ ಏರುತ್ತದೆ. ನಮ್ಮ ಕಡೆಯ ರೈತರಿಗೆ ಅದನ್ನು ಮಾಡಿ ಏನು ತಿಳಿಯಬೇಕು? ಆಮೇಲೆ ಬಂದ ಸಿಕೆ-ಎಂಬಿ, ಅಂದರೆ ಸಿಪಿಕೆಯಲ್ಲೇ ಹೃದಯದಲ್ಲಿ ಹೆಚ್ಚಿರುವ ಬಗೆ, ಸ್ವಲ್ಪ ವಾಸಿ.

ಟ್ರೊಪೊನಿನ್ ಪತ್ತೆಯಾದದ್ದು 1960ರ ದಶಕದಲ್ಲಿ, ಜಪಾನಿನ ಸೆತ್ಸುರೊ ಎಬಾಶಿ ಅವರಿಂದ. ಅವರು ಹುಡುಕುತ್ತಿದ್ದದ್ದು ಹೃದಯಾಘಾತದ ಟೆಸ್ಟನ್ನಲ್ಲ, ಸ್ನಾಯು ಕುಗ್ಗುವ ಗುಟ್ಟನ್ನು. 1989ರಲ್ಲಿ ಜರ್ಮನಿಯ ಹ್ಯೂಗೊ ಕಾಟಸ್ ತಂಡ ರಕ್ತದಲ್ಲಿ ಹೃದಯದ ಟ್ರೊಪೊನಿನ್-ಟಿ ಅಳೆಯುವ ವಿಧಾನ ಪ್ರಕಟಿಸಿತು. 2000ದಲ್ಲಿ ಯುರೋಪು ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಸ್ಥೆಗಳು ಹೃದಯಾಘಾತದ ವ್ಯಾಖ್ಯೆಯನ್ನೇ ಟ್ರೊಪೊನಿನ್ ಸುತ್ತ ಬದಲಿಸಿದವು. ಆ ವ್ಯಾಖ್ಯೆಯಲ್ಲಿ ಒಂದು ಅಂಕಿ ಸಾಲದು. ಏರಿಕೆ ಅಥವಾ ಇಳಿಕೆ ಕಾಣಬೇಕು, ಜೊತೆಗೆ ಎದೆನೋವೋ ಇಸಿಜಿಯ ಬದಲಾವಣೆಯೋ ಇರಬೇಕು. ನಮ್ಮ ರಾತ್ರಿಯ ಜಗಳವೆಲ್ಲ ಹುಟ್ಟಿದ್ದು ಈ ಒಂದು ಸಾಲಿನಿಂದ.

ಟ್ರಾಪ್‌ಗೂ ಮೋಸ ಹೋಗುವ ದಾರಿಗಳಿವೆ ಅನ್ನಿ. ಡೆಂಗಿಯಂಥ ಜ್ವರದಲ್ಲಿ ಹೃದಯದ ಸ್ನಾಯು ಊದಿಕೊಂಡರೆ ಏರುತ್ತದೆ. ಮ್ಯಾರಥಾನ್ ಓಡಿ ಬಂದವರಲ್ಲೂ ಏರುತ್ತದೆ. ಉಲ್ಟಾನೂ ಉಂಟು. ಕೂದಲು ಉದುರುತ್ತದೆ ಅಂತ ಜಾಸ್ತಿ ಪ್ರಮಾಣದ ಬಯೋಟಿನ್ ಮಾತ್ರೆ ನುಂಗುವವರಲ್ಲಿ ಕೆಲವು ಬಗೆಯ ಟೆಸ್ಟುಗಳು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತವೆ. ಅದಕ್ಕೇ ನಾನು ಬ್ಯೂಟಿ ಮಾತ್ರೆಗಳ ಬಗ್ಗೆಯೂ ಕೇಳುತ್ತೇನೆ. ಜನ ವಿಚಿತ್ರವಾಗಿ ನೋಡುತ್ತಾರೆ.

ರಾತ್ರಿ ಒಂದು ಗಂಟೆ ದಾಟಿದ ಮೇಲೆ ರೈತರ ಎರಡನೇ ಸ್ಯಾಂಪಲ್ ಬಂತು. 68. ಯಂತ್ರ ಪರೀಕ್ಷಿಸಲು ಇಟ್ಟ, ಅಂಕಿ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಯಾಂಪಲ್ ಸರಿ ಬರುತ್ತಿದೆಯಾ ಅಂತ ನೋಡಿ, ಕಾಗದಕ್ಕಿಂತ ಮೊದಲು ಫೋನಿನಲ್ಲೇ ಡಾಕ್ಟರಿಗೆ ಹೇಳಿದೆ. ಅಷ್ಟು ಹೊತ್ತಿಗೆ ಅವರ ಇಸಿಜಿಯೂ ಬದಲಾಗಿತ್ತು. ಐಸಿಯುಗೆ ಹಾಕಿದರು, ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಶುರು ಮಾಡಿದರು. ಬೆಳಿಗ್ಗೆ ಆಂಜಿಯೋಗ್ರಾಂ, ಒಂದು ಸ್ಟೆಂಟ್.

ಕುಂದಗೋಳದ ಹೆಣ್ಣುಮಗಳದ್ದು 74 ಇದ್ದದ್ದು 76. ಕದಲಿಲ್ಲ ಅಂತಲೇ ಲೆಕ್ಕ. ಡಾಕ್ಟರ್ ಅಟ್ಯಾಕ್ ಅಲ್ಲ ಅಂದರು, ಡಯಾಲಿಸಿಸ್ ಮಾಡಿಸಿದರು, ಬೆಳಗಾಗುವಷ್ಟರಲ್ಲಿ ದಮ್ಮು ಇಳಿಯಿತು. ಹಾಗಂತ ಆಕೆಯ ಹೃದಯ ಗಟ್ಟಿಯಾಗಿದೆ ಅಂತ ಅರ್ಥವಲ್ಲ. ಸದಾ ಹೀಗೆ ಮೇಲಿರುವ ಅಂಕಿ ಹೃದಯ ನಿಧಾನಕ್ಕೆ ಸವೆಯುತ್ತಿರುವುದರ ಗುರುತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲು ಬರೆದುಕೊಟ್ಟರು. ಅಣ್ಣನಿಗೆ ಇಷ್ಟೆಲ್ಲ ಅರ್ಥವಾಯಿತೋ ಇಲ್ಲವೋ, ಅಟ್ಯಾಕ್ ಅಲ್ಲ ಅನ್ನುವಷ್ಟು ಸಾಕಾಗಿತ್ತು ಅವರಿಗೆ.

ಒಂದೇ ಯಂತ್ರ, ಒಂದೇ ರಾತ್ರಿ. 11 ಬಂದವರು ಐಸಿಯುಗೆ ಹೋದರು, 74 ಬಂದವರು ಹೋಗಲಿಲ್ಲ.

ಪಾಳಿ ಮುಗಿಸಿ ಹೊರಡುವಾಗ ರೈತರ ಮಗ ಮತ್ತೆ ಕಿಟಕಿಗೆ ಬಂದ. ಕಣ್ಣು ಕೆಂಪಾಗಿತ್ತು. ಬಿಲ್ಲಿನ ಮಾತಿಲ್ಲ. "ನಂದೂ ಒಂದು ಟ್ರಾಪ್ ಮಾಡ್ರಿ ಅಣ್ಣಾರ" ಅಂದ.

"ಎದಿನೋವು ಐತೇನು?"

"ಇಲ್ಲ."

"ಹಂಗಾರ ಬ್ಯಾಡ. ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಸು. ಬಾಯಾಗಿಂದು ಗುಟ್ಕಾ ಉಗುಳು."

ಉಗುಳಿ ಬಂದ. ಸಿಸ್ಟರ್ ಹತ್ತಿರ ಬಿಪಿ ನೋಡಿಸಿದೆ. 150ಕ್ಕೆ 96. ರಾತ್ರಿಯಿಡೀ ನಿದ್ದೆಯಿಲ್ಲ, ಅಪ್ಪನ ಚಿಂತೆ ಬೇರೆ. ನಾಲ್ಕು ದಿನ ಬಿಟ್ಟು ಆರಾಮಾಗಿ ಕೂತು ಇನ್ನೊಮ್ಮೆ ನೋಡಸು ಅಂದೆ.

"ಇದಕ್ಕೂ ಎರಡು ಸಲ ಏನ್ರಿ?" ಅಂದ.