ಚೆಂದ ಕಾಣೋ ಕಸ

ಅಮೆರಿಕದ ಫೋಟೋಗ್ರಾಫರ್ ಕ್ರಿಸ್ ಜೋರ್ಡನ್ 2009ರಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ತೆಗೆದ ಫೋಟೋಗಳನ್ನ ಇವತ್ತು ಮತ್ತೆ ನೋಡ್ತಾ ಕೂತೆ. ಆಲ್ಬಟ್ರಾಸ್ ಅನ್ನೋ ಕಡಲಹಕ್ಕಿಯ ಸತ್ತ ಮರಿ. ರೆಕ್ಕೆಪುಕ್ಕ ಮಣ್ಣಾಗ್ತಿದೆ, ಹೊಟ್ಟೆ ಇದ್ದ ಜಾಗದಲ್ಲಿ ಬಾಟಲಿ ಮುಚ್ಚಳ, ಲೈಟರ್, ಬಣ್ಣಬಣ್ಣದ ಚೂರು ಮಾತ್ರ ಹಾಗೇ ಉಳಿದಿವೆ. ಅಪ್ಪ ಅಮ್ಮ ಹಕ್ಕಿಗಳೇ ಸಮುದ್ರದಿಂದ ತಂದು ಉಣಿಸಿದ್ದು. ಫೋಟೋಗಾಗಿ ಒಂದು ಚೂರನ್ನೂ ಅತ್ತಿತ್ತ ಸರಿಸಿಲ್ಲವಂತೆ. ಸರಿಸೋ ಅಗತ್ಯವಾದ್ರೂ ಏನಿತ್ತು ಬಿಡಿ.

ಆದ್ರೂ ಪ್ಲಾಸ್ಟಿಕ್ ಕಲೆ ಅಂದ್ರೆ ನನಗೆ ಮೊದಲು ನೆನಪಾಗೋದು ಬ್ರಿಟಿಷ್ ಶಿಲ್ಪಿ ಟೋನಿ ಕ್ರ್ಯಾಗ್. 1978ರಲ್ಲೇ, ಯಾರೋ ಬಿಸಾಡಿದ ಪ್ಲಾಸ್ಟಿಕ್ ಚೂರುಗಳನ್ನ ಆರಿಸಿ ತಂದು ಕಾಮನಬಿಲ್ಲಿನ ಬಣ್ಣಗಳ ಕ್ರಮದಲ್ಲಿ ನೆಲದ ಮೇಲೆ ಜೋಡಿಸಿಟ್ಟ ಪುಣ್ಯಾತ್ಮ. ಬೈಗುಳ ಇಲ್ಲ, ಉಪದೇಶ ಇಲ್ಲ. ದೂರದಿಂದ ಬರೀ ಬಣ್ಣ. ಹತ್ತಿರದಿಂದ ನೋಡಿದ್ರೆ ಒಂದೊಂದರದ್ದೂ ಗುರುತು ಹಿಡಿಯೋಕೆ ಶುರು ಮಾಡ್ತೀವಿ: ಇದು ಯಾವುದೋ ಡಬ್ಬದ ಮುಚ್ಚಳ ಇರ್ಬೇಕು, ಅದು ಆಟಿಕೆ ತುಂಡು.

ಬೈಯೋ ಕಲೆ ಎದುರು ನಾನು ತಲೆತಗ್ಗಿಸಿ ಬೇಗ ಮುಂದೆ ಹೋಗಿಬಿಡ್ತೀನಿ. ಇದರ ಎದುರು ಹಾಗೆ ಜಾರಿಕೊಳ್ಳೋಕಾಗಲ್ಲ. ಆ ಹಳದಿ ಎಷ್ಟು ಚೆನ್ನಾಗಿದೆ ಅಂತ ಅನ್ನಿಸಿಬಿಡುತ್ತೆ, ಅನ್ನಿಸಿದ್ದಕ್ಕೇ ಕಸಿವಿಸಿ. ಅಂಗಡೀಲಿ ಕೈಗೆತ್ತಿಕೊಂಡಾಗಲೂ ಕಣ್ಣು ಸೆಳೆದಿದ್ದು ಅದೇ ಹಳದಿ ಅಲ್ವಾ?