ಸ್ಕ್ರೂ ಸರಿಯಾಗೇ ಇದೆಯಂತೆ

ಕುಮಟಾ, 9 ಜುಲೈ 2025, ಬುಧವಾರ

ಸಿಟಿ ಸ್ಕ್ಯಾನ್ ರಿಪೋರ್ಟ್ ಬಂತು. ಬೆನ್ನುಮೂಳೆಯ ಆಪರೇಷನ್‌ನಲ್ಲಿ ಸೊಂಟದ ಹತ್ತಿರ ಹಾಕಿದ ನಾಲ್ಕೂ ಸ್ಕ್ರೂ ಇರಬೇಕಾದ ಜಾಗದಲ್ಲೇ ಇವೆ. ಬಲಪಾದ ಮಾತ್ರ ಮೇಲೇಳುವುದಿಲ್ಲ.

ನೋಡಲು ಬಂದವರೆಲ್ಲರದ್ದೂ ಒಂದೇ ತೀರ್ಪು: ಸ್ಕ್ರೂ ನರಕ್ಕೆ ಚುಚ್ಚಿದೆ, ತೆಗೆಸಿಬಿಡು. ಹಾಗಾಗುವುದೂ ಉಂಟು. ಸ್ಕ್ರೂ ಕೂರಿಸುವ ಮೂಳೆಯ ಒಳಬದಿ, ಕೆಳಬದಿಗೆ ತಾಗಿಕೊಂಡೇ ನರ ಹೋಗುತ್ತದೆ, ಸ್ವಲ್ಪ ಆಚೀಚೆ ಆದರೂ ಕಷ್ಟ. ನನ್ನ ಕತೆ ಬೇರೆ. ಬೆನ್ನುಮೂಳೆಯಲ್ಲಿ ಸೊಂಟದ ಐದನೇ ಮೂಳೆ ಮುಂದಕ್ಕೆ ಜಾರಿತ್ತು, ಅದನ್ನು ಹಿಂದಕ್ಕೆ ಎಳೆದು ಕೂರಿಸುವಾಗ, ಎಷ್ಟೋ ವರ್ಷದಿಂದ ಆ ಜಾರಿದ ಜಾಗಕ್ಕೇ ಒಗ್ಗಿಹೋಗಿದ್ದ, ಪಾದ ಎತ್ತಲು ಬೇಕಾದ ಎಲ್5 ನರ ಜಗ್ಗಿಹೋಗಿರಬೇಕು ಅಂತಾರೆ ಡಾಕ್ಟರು. ಸಿಟಿಯಲ್ಲಿ ಸ್ಕ್ರೂ ಕಾಣುತ್ತದೆ, ನರದ ಜಗ್ಗಾಟ ಕಾಣುವುದಿಲ್ಲ. ಸಹಿ ಹಾಕಿಸಿಕೊಂಡ ಕಾಗದದಲ್ಲಿ 'ಅಪರೂಪಕ್ಕೆ ನರದ ತೊಂದರೆ' ಅಂತ ಒಂದು ಸಾಲು ಇತ್ತು ನಿಜ. ಅಂದರೆ ಪಾದ ಜೋತುಬೀಳಬಹುದು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ನನ್ನ ಸಿಟ್ಟು ಅಷ್ಟಕ್ಕೇ.

ಹವಾಯಿ ಚಪ್ಪಲಿ ಕಾಲಿನಿಂದ ಯಾವಾಗ ಕಳಚಿತು ಅಂತಲೇ ತಿಳಿಯುವುದಿಲ್ಲ. ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ಟಿದ್ದಾರೆ, ಅದಕ್ಕೆ ಬೂಟೇ ಬೇಕು, ಈ ಮಳೆಗೆ ಬೂಟು ಒಣಗುವುದು ಯಾವಾಗ? ಅಂಗಳದ ತುಂಬ ಪಾಚಿ ಬೇರೆ. ರಾತ್ರಿ ಹೊದಿಕೆ ತಾಗಿದರೂ ಪಾದದ ಮೇಲೆ ಉರಿ. ಅದಕ್ಕೆ ಪ್ರೆಗಾಬಲಿನ್ ಅನ್ನುವ ನರನೋವಿನ ಔಷಧಿ, ಬೆಳಿಗ್ಗೆಯೆಲ್ಲ ತೂಕಡಿಕೆ. ಸೋದರತ್ತೆ ಬಿಸಿನೀರಿನ ಚೀಲ ಇಡೋಕೆ ಬಂದಿದ್ದರು, ಬೇಡ ಅಂದೆ. ಸ್ಪರ್ಶ ಕಮ್ಮಿ ಇರುವ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ, ಅತ್ತೆಗೆ ಸ್ವಲ್ಪ ಬೇಜಾರಾಯಿತು.

ನರ ಬರೀ ಜಗ್ಗಿದ್ದರೆ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸಿಕೊಳ್ಳುತ್ತದಂತೆ. ಒಳಗಿನ ಎಳೆಗಳೇ ಹರಿದಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯಬೇಕು, ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ! ನೀವೇ ಲೆಕ್ಕ ಹಾಕಿ. ಯಾವುದು ಅಂತ ತಿಳಿಯೋಕೆ ಇಎಂಜಿ. ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಪರೀಕ್ಷೆ. ಆಪರೇಷನ್ ಆಗಿ ಮೂರು ವಾರ ಕಳೆಯುವ ಮುಂಚೆ ಮಾಡಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ ಅಂತ ಇಷ್ಟು ದಿನ ಕಾದದ್ದು.

ಇಂಥ ಆಪರೇಷನ್ ಆದವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಎರಡೂ ಕಾಲು ಸೋತರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಹೊರಡಿ. ನಮ್ಮ ಜಿಲ್ಲೆಯವರಿಗೆ ಮಣಿಪಾಲವೋ ಹುಬ್ಬಳ್ಳಿಯೋ ಗೋವಾವೋ, ಯಾವುದೂ ಹತ್ತಿರ ಇಲ್ಲ ಅಲ್ವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿ ಕೂಗಿ ಜನರ ಗಂಟಲೇ ಒಣಗಿದೆ.

ಶುಕ್ರವಾರ ಹುಬ್ಬಳ್ಳಿಯಲ್ಲಿ ಇಎಂಜಿ. ಘಟ್ಟದ ರಸ್ತೆ ತೆರೆದಿದ್ದರೆ.